ಮಹಿಷಾಸುರನ ಮುಖ ನೀಲಿಯಾದಾಗ: ಬಯಲಾಟದ ಚಿತ್ರಗಳನ್ನು ತಿದ್ದಿದ ಕೆಲಸದ ಟಿಪ್ಪಣಿ

ಪತ್ತನಾಜೆಗೆ, ಅಂದರೆ ಮಳೆಗಾಲಕ್ಕೆ ಮುಂಚೆ ವರ್ಷದ ತಿರುಗಾಟ ಮುಗಿಯುವ ದಿನಕ್ಕೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವುದರೊಳಗೆ ಕಲಾವಿದರ ಕೈಗೆ ಚಿತ್ರಗಳು ಸೇರಬೇಕು ಎಂಬುದು ಒಪ್ಪಂದ. ದುಡ್ಡಿನ ಒಪ್ಪಂದವಲ್ಲ, ನಮ್ಮೂರಿನ ಹರಕೆ ಆಟದ ದಿನ ಕ್ಯಾಮೆರಾ ಹಿಡಿದು ಚೌಕಿಯೊಳಗೆ, ಅಂದರೆ ವೇಷ ಕಟ್ಟುವ ಬಣ್ಣದ ಮನೆಯೊಳಗೆ, ಓಡಾಡಲು ಬಿಟ್ಟದ್ದಕ್ಕೆ ನಾನು ಕೊಟ್ಟ ಮಾತು. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಮೇಳ, ದೇವಿ ಮಹಾತ್ಮೆ ಪ್ರಸಂಗ, ಚೌಕಿ ಪೂಜೆಯಿಂದ ಬೆಳಗಿನ ಮಂಗಳದವರೆಗೆ ಇಡೀ ರಾತ್ರಿಯ ಆಟ. ಆಯ್ದ ಚಿತ್ರಗಳನ್ನು 12×18 ಇಂಚಿನ ಅಳತೆಯಲ್ಲಿ, ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ಮುದ್ರಿಸುವುದು ಯೋಜನೆ. ಕ್ಯಾಮೆರಾದ 24 ಮೆಗಾಪಿಕ್ಸೆಲ್ ಕಡತಗಳು, ಡಾರ್ಕ್‌ಟೇಬಲ್ ಮತ್ತು ಗಿಂಪ್ ಎಂಬ ಎರಡು ಉಚಿತ ತಂತ್ರಾಂಶಗಳು, ಬೆಳಕು ತಗ್ಗಿಸಿದ ಒಂದು ಮಾನಿಟರ್: ಸಲಕರಣೆ ಇಷ್ಟೇ.

ಈ ಕೆಲಸ ನಡೆಯುತ್ತಿದ್ದಾಗ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ತೆಗೆದ ಹಾಗೆಯೇ ಇಟ್ಟರೆ ಆಗದೇ?" ಆಗುತ್ತಿತ್ತು, "ತೆಗೆದ ಹಾಗೆ" ಎಂಬುದೊಂದು ಇದ್ದಿದ್ದರೆ. ನನ್ನ ಕ್ಯಾಮೆರಾ ರಾ ಎಂಬ ಹಸಿ ಕಡತದಲ್ಲಿ ಒಂದೊಂದು ಬಿಂದುವಿಗೂ 14 ಬಿಟ್‌ಗಳಷ್ಟು, ಅಂದರೆ 16,384 ಹಂತಗಳ ಬೆಳಕನ್ನು ಬರೆದಿಡುತ್ತದೆ. ಜೆಪೆಗ್ ಆಗುವಾಗ ಅದು ಬಣ್ಣಕ್ಕೆ 256 ಹಂತಗಳಿಗೆ ಇಳಿಯುತ್ತದೆ. ಯಾವ ಹಂತಗಳು ಉಳಿಯಬೇಕು, ಕೆಂಪು ಎಷ್ಟು ಗಾಢವಾಗಬೇಕು, ಮುಖದ ಮೇಲಿನ ಸಣ್ಣ ಗೆರೆ ಉಳಿಯಬೇಕೇ ಅಳಿಯಬೇಕೇ ಎಂಬುದನ್ನು ಕ್ಯಾಮೆರಾ ಕಟ್ಟಿದ ಎಂಜಿನಿಯರುಗಳು ಮೊದಲೇ ತೀರ್ಮಾನಿಸಿರುತ್ತಾರೆ. ಅವರು ಬಯಲಾಟ ನೋಡಿದವರಲ್ಲ. ಫೋನಿನಲ್ಲಿ ತೆಗೆದು "ಯಾವ ಫಿಲ್ಟರೂ ಹಾಕಿಲ್ಲ" ಎಂದು ಹೆಮ್ಮೆಯಿಂದ ಬರೆಯುವವರ ಚಿತ್ರಗಳಂತೂ ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ, ನೆರಳನ್ನು ಎತ್ತಿ, ಚರ್ಮವನ್ನು ನಯಗೊಳಿಸಿ ಹೊರಬಂದಿರುತ್ತವೆ. ಹಾಗಾಗಿ ತಿದ್ದಬೇಕೇ ಎಂಬ ಪ್ರಶ್ನೆಯನ್ನು ನಾನು ಬಿಟ್ಟುಬಿಟ್ಟೆ. ಉಳಿದದ್ದು ಯಾರು ತಿದ್ದಬೇಕು, ಯಾವುದನ್ನು ನೋಡಿಕೊಂಡು ತಿದ್ದಬೇಕು ಎಂಬುದು.

ಅದಕ್ಕೆ ಒಂದು ಅಳತೆಗೋಲು ಇಟ್ಟುಕೊಂಡೆ: ಮೂರನೆಯ ಸಾಲಿನ ಕುರ್ಚಿ. ಅಲ್ಲಿ ಕುಳಿತವನಿಗೆ ಕಂಡದ್ದು ಕ್ಯಾಮೆರಾಕ್ಕೆ ಕಾಣದಿದ್ದರೆ ತಿದ್ದಿ ಕಾಣಿಸಬಹುದು. ಕ್ಯಾಮೆರಾಕ್ಕೆ ಕಂಡದ್ದು ಅವನಿಗೆ ಕಾಣದಿದ್ದರೆ ಅದನ್ನು ಎತ್ತಿ ತೋರಿಸಬೇಕಾಗಿಲ್ಲ. ಕೇಳಲು ಸರಳವಾಗಿದೆ. ಮೊದಲ ಕಡತ ತೆರೆದ ಕೂಡಲೇ ಇದು ತೊಡಕಿಗೆ ಬಿತ್ತು.

ನೀಲಿ

ರಂಗಸ್ಥಳದ ಎರಡೂ ಬದಿಯಲ್ಲಿ ಬಣ್ಣ ಬದಲಿಸುವ ಎಲ್‌ಇಡಿ ದೀಪಗಳಿದ್ದವು. ಈಗ ಹೆಚ್ಚಿನ ಆಟಗಳಲ್ಲಿ ಇರುತ್ತವೆ. ಮಹಿಷಾಸುರ ಅಬ್ಬರಿಸುವಾಗ ದೀಪದವರು ನೀಲಿ ಹಾಕಿದ್ದರು, ಯಾಕೆ ಎಂದು ಕೇಳಬಾರದು. ಪರದೆಯ ಮೇಲೆ ಮುಖದ ಅರ್ಧ ಭಾಗ ನೀಲಿ ಶಾಯಿ ಚೆಲ್ಲಿದಂತೆ ಚಪ್ಪಟೆ. ಕೆಂಪು ಬಳಿದ ಜಾಗಗಳು ಕಪ್ಪು.

ಇದರ ಕಾರಣ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸಂವೇದಕದ ರಚನೆಯಲ್ಲಿದೆ. ಅದರ ನಾಲ್ಕು ಬಿಂದುಗಳಲ್ಲಿ ಎರಡು ಹಸಿರನ್ನು, ಒಂದು ಕೆಂಪನ್ನು, ಒಂದು ನೀಲಿಯನ್ನು ನೋಡುತ್ತವೆ. ಶುದ್ಧ ನೀಲಿ ಬೆಳಕು ಬಿದ್ದಾಗ ಕಾಲು ಭಾಗದಷ್ಟು ಬಿಂದುಗಳ ಮೇಲೆಯೇ ಇಡೀ ಚಿತ್ರದ ಭಾರ. ಅವು ತುಂಬಿ ಚೆಲ್ಲಿ ವಿವರ ಕಳೆದುಕೊಳ್ಳುತ್ತವೆ. ಉಳಿದ ಮುಕ್ಕಾಲು ಭಾಗ ಹೆಚ್ಚುಕಡಿಮೆ ಕತ್ತಲಲ್ಲಿ ಕುಳಿತಿರುತ್ತವೆ. ಕ್ಯಾಮೆರಾದ ಹಿಂಬದಿಯಲ್ಲಿ ಒಂದೇ ಗೆರೆಯ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ಮಾತ್ರ ನೋಡುವವರಿಗೆ ಇದು ತಿಳಿಯುವುದೂ ಇಲ್ಲ, ಮೂರು ಬಣ್ಣದ ಗೆರೆಗಳನ್ನು ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ಬೇಕು. ಕೆಂಪು ಬಣ್ಣ ಕೆಂಪಾಗಿ ಕಾಣಬೇಕಾದರೆ ಬೀಳುವ ಬೆಳಕಿನಲ್ಲಿ ಕೆಂಪು ಇರಬೇಕು. ಅದಿಲ್ಲದಾಗ ಇಂಗಳೀಕದ ಕೆಂಪೂ ಕಾಡಿಗೆಯೂ ಒಂದೇ. ಬಿಳಿ ಬಿಳಿಯಾಗಿ ಕಾಣುವಂತೆ ಬಣ್ಣಗಳನ್ನು ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಸ್ಲೈಡರನ್ನು ಈ ತುದಿಯಿಂದ ಆ ತುದಿಗೆ ಎಳೆದರೂ ಇಲ್ಲದ ಕೆಂಪು ಬರುವುದಿಲ್ಲ. ಕೆಂಪು ಬಿಂದುಗಳ ಗದ್ದಲವಷ್ಟೇ (ನಾಯ್ಸ್ ಎಂಬ ಕಾಳುಕಾಳು ದೋಷ) ಹಿಗ್ಗುತ್ತದೆ. ಕುಂಚ ಹಿಡಿದು ಕೆಂಪು ತುಂಬಬಹುದು, ಆದರೆ ಅದು ಆಟದ ಮುಖದ ಮೇಲೆ ನಾನು ಬಳಿದ ಬಣ್ಣವಾಗುತ್ತದೆ.

ಇನ್ನು ಮೂರನೆಯ ಸಾಲಿನವನಿಗೆ ಏನು ಕಂಡಿತು? ಅವನಿಗೂ ಆ ಗಳಿಗೆಯಲ್ಲಿ ನೀಲಿಯೇ ಕಂಡಿರಬೇಕು. ಆದರೆ ಕೆಲವೇ ನಿಮಿಷಗಳ ಹಿಂದೆ ಅದೇ ಮಹಿಷಾಸುರ ದೊಂದಿಗಳ ನಡುವೆ ಜನರ ಮಧ್ಯದಿಂದ ಹಾದು ಬಂದದ್ದನ್ನು ಅವನು ನೋಡಿದ್ದಾನೆ. ಅವನ ಮನಸ್ಸಿನಲ್ಲಿ ಆ ಮುಖ ಕೆಂಪು ಕಪ್ಪು ಬಿಳಿಯದೇ. ನೀಲಿ ದೀಪ ಬಂದು ಹೋಗುತ್ತದೆ, ಮುಖ ಉಳಿಯುತ್ತದೆ. ಕ್ಯಾಮೆರಾಕ್ಕೆ ಹಿಂದಿನ ನಿಮಿಷ ಎಂಬುದಿಲ್ಲ.

ಕೊನೆಗೆ ನೀಲಿ ಚಿತ್ರಗಳಿಗೆ ಮಾಡಿದ್ದು ಇಷ್ಟು: ತುಂಬಿ ಚೆಲ್ಲಿದ ನೀಲಿಯ ಗಾಢತೆಯನ್ನು ತಗ್ಗಿಸಿ, ಹಸಿರು ಬಿಂದುಗಳಲ್ಲಿ ಉಳಿದಿದ್ದ ಅಲ್ಪಸ್ವಲ್ಪ ವಿವರ ಕಾಣುವಂತೆ ಮಾಡಿದೆ. ನೀಲಿಯನ್ನು ನೀಲಿಯಾಗಿಯೇ ಬಿಟ್ಟೆ. ಮಹಿಷಾಸುರನ ದೊಡ್ಡ ಚಿತ್ರಕ್ಕೆ ದೊಂದಿಯ ಬೆಳಕಿನದನ್ನು ಆರಿಸಿದೆ. ಇಡೀ ಕೆಲಸದಲ್ಲಿ ಅತ್ಯಂತ ಪರಿಣಾಮ ಬೀರಿದ ತಿದ್ದುಪಡಿ ಇದೇ, ಮತ್ತು ಇದರಲ್ಲಿ ಒಂದು ಸ್ಲೈಡರೂ ಅಲುಗಲಿಲ್ಲ. ಯಾವ ಚಿತ್ರವನ್ನು ಇಟ್ಟುಕೊಂಡು ಯಾವುದನ್ನು ಬಿಡುತ್ತೇವೆ ಎಂಬುದನ್ನು ತಿದ್ದುವಿಕೆಯ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ, ವಿಚಿತ್ರ.

ಚೌಕಿಯ ಬಣ್ಣ, ದೊಂದಿಯ ಬಣ್ಣ

ಬಣ್ಣಗಳ ವಿಷಯದಲ್ಲಿ ನನ್ನ ಹತ್ತಿರ ಒಂದು ಸಾಕ್ಷಿಯಿತ್ತು. ಚೌಕಿಯಲ್ಲಿ ವೇಷ ಮುಗಿಸಿ ಕಿರೀಟ ಕಟ್ಟುವ ಮೊದಲು ಒಬ್ಬೊಬ್ಬರನ್ನೂ ಬಿಳಿ ಬಲ್ಬಿನ ಕೆಳಗೆ, ಬೂದು ಕಾರ್ಡನ್ನು ಗಲ್ಲದ ಬಳಿ ಹಿಡಿಸಿ ಒಂದು ಚಿತ್ರ ತೆಗೆದಿದ್ದೆ. ಆ ಕಾರ್ಡಿನ ಮೇಲೆ ವೈಟ್ ಬ್ಯಾಲೆನ್ಸ್ ಹೊಂದಿಸಿದರೆ ಅರದಾಳದ ಹಳದಿ, ಸಫೇದಿನ ಬಿಳಿ, ಇಂಗಳೀಕದ ಕೆಂಪು ಎಲ್ಲವೂ "ಸರಿಯಾದ" ಬಣ್ಣದಲ್ಲಿ ಸಿಗುತ್ತವೆ. ಈ ಚಿತ್ರಗಳನ್ನು ಮಾನಿಟರಿನ ಎಡಗಡೆ ಇಟ್ಟುಕೊಂಡು ಬಲಗಡೆಯ ರಂಗಸ್ಥಳದ ಚಿತ್ರಗಳನ್ನು ಅದಕ್ಕೆ ಹೊಂದಿಸುವುದು ಎಂದು ಹೊರಟೆ.

ಹೊಂದಿಸಿದ ಮೇಲೆ ವೇಷಗಳು ಸತ್ತವು. ದೇವಿಯ ಮುಖ ನಾಟಕದ ಬಣ್ಣ ಬಳಿದ ಮನುಷ್ಯನ ಮುಖವಾಯಿತು. ಕೆನ್ನೆಯ ಹಳದಿ ವಿಪರೀತ ಎನಿಸಿತು, ತುಟಿಯ ಅಂಚು ಒರಟೆನಿಸಿತು. ಕುಳಿತು ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಈ ಬಣ್ಣಗಾರಿಕೆ ರೂಪುಗೊಂಡದ್ದು ಎಣ್ಣೆಯ ದೀವಟಿಗೆಯ, ಅನಂತರ ಗ್ಯಾಸ್‌ಲೈಟಿನ ಬೆಳಕಿಗೆ. ಬೆಳಕಿನ ಬಣ್ಣವನ್ನು ಅಳೆಯುವ ಮಾನದಲ್ಲಿ ಎಣ್ಣೆಯ ಉರಿ ಸುಮಾರು 2,000 ಕೆಲ್ವಿನ್, ಹಗಲು 5,500ರ ಆಸುಪಾಸು; ಅಂಕಿ ಇಳಿದಷ್ಟೂ ಬೆಳಕು ಕೆಂಪಗೆ. ಉರಿಯ ಬೆಳಕಿನಲ್ಲಿ ನೀಲಿ ಬಹಳ ಕಡಿಮೆ. ಹಳದಿ ಬಳಿದ ಮುಖ ಅಲ್ಲಿ ಹಳದಿಯಾಗಿ ಕಾಣದೆ ಬೆಳಗಿದ ಮೈಬಣ್ಣವಾಗಿ ಕಾಣುತ್ತದೆ. ಬೇಗಡೆ ಹಚ್ಚಿದ ಮರದ ಆಭರಣ ಬಂಗಾರವಾಗುವುದೂ ಆ ಬೆಳಕಿನಲ್ಲೇ. ಚೌಕಿಯ ಬೂದು ಕಾರ್ಡು ನನಗೆ ತಿಳಿಸಿದ್ದು ಡಬ್ಬಿಯಲ್ಲಿದ್ದ ಬಣ್ಣ ಯಾವುದು ಎಂಬುದನ್ನು. ರಂಗಸ್ಥಳದಲ್ಲಿ ಅದು ಏನಾಗಬೇಕಿತ್ತು ಎಂಬುದು ಕಾರ್ಡಿಗೆ ಗೊತ್ತಿಲ್ಲ.

ಅಲ್ಲಿಂದ ಮುಂದೆ ಕಾರ್ಡನ್ನು ಗಡಿಯಾಗಿ ಬಳಸಿದೆ, ಗುರಿಯಾಗಿ ಅಲ್ಲ. ಹಸಿರು ಅಥವಾ ನೇರಳೆ ಛಾಯೆ ಬಂದಿದ್ದರೆ ತೆಗೆದೆ. ಅದು ಅಗ್ಗದ ಎಲ್‌ಇಡಿಯ ದೋಷ. ಬೆಚ್ಚಗಿನ ಛಾಯೆಯನ್ನು ಉಳಿಸಿದೆ. ದೊಂದಿಯ ಚಿತ್ರದಲ್ಲಿ ಕ್ಯಾಮೆರಾ ತಾನಾಗಿಯೇ ಬೆಂಕಿಯನ್ನು ಬಿಳಿಚಿಸಲು ನೋಡಿತ್ತು. ವೈಟ್ ಬ್ಯಾಲೆನ್ಸನ್ನು 3,200 ಕೆಲ್ವಿನ್‌ಗೆ ನಿಲ್ಲಿಸಿದಾಗ ಉರಿ ಮತ್ತೆ ಕೇಸರಿಯಾಯಿತು. ರಾಳದ ಪುಡಿ ಎರಚಿದಾಗ ಭುಗ್ಗೆಂದ ಜ್ವಾಲೆಯ ನಡುಭಾಗ ಪೂರ್ತಿ ಬಿಳಿ, ಅಲ್ಲಿ ಯಾವ ವಿವರವೂ ಇಲ್ಲ. ಹೀಗೆ ಬೆಳಕು ಮಿತಿಮೀರಿ ಬಿಳಿಚಿದ ಜಾಗವನ್ನು ಮರುಕಟ್ಟುವ ಸೌಲಭ್ಯ ತಂತ್ರಾಂಶದಲ್ಲಿದೆ, ಅದನ್ನು ಮುಟ್ಟಲಿಲ್ಲ. ಆ ಜ್ವಾಲೆ ಏಳುವಾಗ ಮುಂದಿನ ಸಾಲಿನ ಮಕ್ಕಳು ಕಣ್ಣು ಮುಚ್ಚಿಕೊಳ್ಳುತ್ತಾರೆ. ಯಾರಿಗೂ ಅದರೊಳಗಿನ ವಿವರ ಕಂಡಿರುವುದಿಲ್ಲ.

ಚಿಟ್ಟಿ

ಮಂದ ಬೆಳಕಿಗಾಗಿ ಕ್ಯಾಮೆರಾದ ಸಂವೇದನೆಯನ್ನು ಐಎಸ್‌ಒ 6400ಕ್ಕೆ ಏರಿಸಿ ತೆಗೆದ ಚಿತ್ರಗಳಲ್ಲಿ ಕಾಳುಕಾಳಾದ ಗದ್ದಲ ಇರುತ್ತದೆ. ಅದನ್ನು ಅಳಿಸುವುದು ಎಲ್ಲರೂ ಮಾಡುವ, ಯಾರೂ ತಪ್ಪೆನ್ನದ ತಿದ್ದುಪಡಿ. ಬಣ್ಣದ ವೇಷಗಳ, ಅಂದರೆ ರಾಕ್ಷಸ ಪಾತ್ರಗಳ, ವಿಷಯದಲ್ಲಿ ಮಾತ್ರ ಇದು ಎಲ್ಲಕ್ಕಿಂತ ಅಪಾಯಕಾರಿಯಾಗಿ ಕಂಡಿತು.

ರಾಕ್ಷಸ ವೇಷದ ಮುಖದ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿ ಸಾಲುಸಾಲಾಗಿ ಚಿಟ್ಟಿ ಇಡುತ್ತಾರೆ. ಮುಳ್ಳು ಮುಳ್ಳಾಗಿ ಎದ್ದು ನಿಲ್ಲುವ ಸಣ್ಣ ಬಿಳಿ ಬಿಂದುಗಳು, ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ಕನ್ನಡಿಯ ಮುಂದೆ ಕುಳಿತು ಮಾಡುವ ಕೆಲಸ. ಇಡೀ ದೇಹ ಕಾಣುವ ಚಿತ್ರದಲ್ಲಿ ಒಂದೊಂದು ಚಿಟ್ಟಿಗೆ ಸಿಗುವುದು ನಾಲ್ಕಾರು ಪಿಕ್ಸೆಲ್. ಕೃತಕ ಬುದ್ಧಿಮತ್ತೆಯ ಗದ್ದಲನಿವಾರಕಕ್ಕೆ ಅದು ಚಿಟ್ಟಿಯೆಂದು ಹೇಗೆ ತಿಳಿಯಬೇಕು? ಪ್ರಾಯೋಗಿಕವಾಗಿ ಒಂದು ಚಿತ್ರವನ್ನು ಅದರ ಬಾಯಿಗೆ ಕೊಟ್ಟೆ. ಬಿಂದುಗಳೆಲ್ಲ ಬೆಸೆದು ಹಲ್ಲುಜ್ಜುವ ಪೇಸ್ಟಿನ ಗೆರೆಯಂಥದ್ದು ಹೊರಬಂತು, ನುಣುಪಾಗಿ, ಚೊಕ್ಕವಾಗಿ. ಗೊತ್ತಿಲ್ಲದವರು ನೋಡಿದರೆ ಮೂಲಕ್ಕಿಂತ ಚೆಂದ ಎನ್ನುತ್ತಾರೆ. ಕಿರೀಟದ ಕನ್ನಡಿ ಚೂರುಗಳ ಮಿಂಚಿನಲ್ಲೂ ಕೆಲವನ್ನು ಅದು ದೋಷವೆಂದು ಬಗೆದು ಒರೆಸಿಹಾಕಿತ್ತು.

ಅದನ್ನು ಕೈಬಿಟ್ಟು ಡಾರ್ಕ್‌ಟೇಬಲ್‌ನ ಹಳೆಯ ವಿಧಾನಕ್ಕೆ ಬಂದೆ. ಅಲ್ಲಿ ಬಣ್ಣದ ಗದ್ದಲವನ್ನೂ ಬೆಳಕಿನ ಗದ್ದಲವನ್ನೂ ಬೇರೆ ಬೇರೆಯಾಗಿ ಹಿಡಿಯಬಹುದು. ಕತ್ತಲ ಜಾಗದಲ್ಲಿ ಮಿನುಗುವ ಕೆಂಪು ಹಸಿರು ಚುಕ್ಕೆಗಳನ್ನು ಪೂರ್ತಿ ತೆಗೆದು, ಬೂದು ಕಾಳನ್ನು ಬಹುಪಾಲು ಹಾಗೆಯೇ ಬಿಟ್ಟೆ. ಪರದೆಯಲ್ಲಿ 200 ಪ್ರತಿಶತಕ್ಕೆ ಹಿಗ್ಗಿಸಿ ನೋಡಿದರೆ ಕಾಳು ಕಾಣುತ್ತದೆ. 12×18 ಇಂಚಿನ ಕಾಗದದ ಮೇಲೆ, ಇಂಚಿಗೆ 300 ಬಿಂದುಗಳಂತೆ 3,600×5,400 ಪಿಕ್ಸೆಲ್ ಕೂತಾಗ, ಕೈಯಳತೆಯ ದೂರದಿಂದ ಏನೂ ಕಾಣುವುದಿಲ್ಲ. ನಾವು ತಿದ್ದುವುದರಲ್ಲಿ ಅರ್ಧ ಪಾಲು ಮುದ್ರಣದಲ್ಲಿ ಇಲ್ಲವೇ ಇಲ್ಲದ ದೋಷಗಳನ್ನು.

ಸ್ತ್ರೀವೇಷದಲ್ಲಿ ಇದಕ್ಕೆ ತಿರುಗುಮುರುಗು. ದೇವಿಯ ಪಾತ್ರ ಮಾಡಿದವರು ಗಂಡಸು, ಹಿರಿಯ ಕಲಾವಿದರು. ಸಣ್ಣ ವಿವರಗಳ ನೆರಳು ಬೆಳಕನ್ನು ತೀಕ್ಷ್ಣಗೊಳಿಸುವ ಲೋಕಲ್ ಕಾಂಟ್ರಾಸ್ಟ್ ಎಂಬ ಸ್ಲೈಡರನ್ನು ಎಲ್ಲ ಚಿತ್ರಗಳಿಗೂ ಒಂದೇ ಸಮನಾಗಿ ಏರಿಸುವುದು ಹಲವರ ಅಭ್ಯಾಸ, ಕಿರೀಟದ ಕುಸುರಿ ಎದ್ದು ಬರುತ್ತದೆ. ಅದೇ ಏರಿಕೆಯಲ್ಲಿ ದೇವಿಯ ಗಲ್ಲದ ಮೇಲೆ, ಬಣ್ಣದ ಪದರದ ಅಡಿಯಿಂದ, ಬೋಳಿಸಿದ ಗಡ್ಡದ ನೆರಳೂ ಎದ್ದು ಬಂತು. ಎಷ್ಟೋ ವರ್ಷಗಳ ಸಾಧನೆಯಿಂದ ಅವರು ಮರೆಸಿದ್ದನ್ನು ಒಂದು ಸ್ಲೈಡರು ಬಯಲಿಗೆಳೆಯುವುದು ಯಾವ ಪ್ರಾಮಾಣಿಕತೆ? ಮೂರನೆಯ ಸಾಲಿಗೆ ಅದು ಕಾಣುವುದಿಲ್ಲ. ತಂತ್ರಾಂಶದಲ್ಲಿ ಮುಖದ ಮೇಲೆ ಮುಸುಕು (ಮಾಸ್ಕ್) ಎಳೆದು ಆ ಜಾಗವನ್ನು ಕಾಂಟ್ರಾಸ್ಟಿನಿಂದ ಹೊರಗಿಟ್ಟೆ. ನಯಗೊಳಿಸುವ ಫಿಲ್ಟರನ್ನೂ ಹತ್ತಿರ ಸೇರಿಸಲಿಲ್ಲ. ಕಣ್ಣಿನ ಪಕ್ಕದ ಸುಕ್ಕುಗಳು ಇವೆ, ಇರಲಿ.

ನೀರಿನ ಬಾಟಲಿ ಮತ್ತು ಬ್ಯಾನರು

ಭಾಗವತರ ಪಕ್ಕದಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ. ಅವರ ಮುಂದಿನ ಪದ್ಯದ ಪುಸ್ತಕದ ಪಕ್ಕ ಮೊಬೈಲು. ಶುಂಭನ ಎದೆಗವಚದ ಸಂದಿನಿಂದ ಇಣುಕುವ ಮೈಕಿನ ತಂತಿ. ದೊಂದಿ ಹಿಡಿದ ಹುಡುಗನ ಕೈಯಲ್ಲಿ ರೇಡಿಯಂ ಮುಳ್ಳಿನ ಗಡಿಯಾರ. ಎಲ್ಲಕ್ಕಿಂತ ಮಿಗಿಲಾಗಿ, ಹಿಂಬದಿಯ ಉದ್ದಗಲಕ್ಕೂ ಹರಡಿದ ಪ್ರಾಯೋಜಕರ ಬ್ಯಾನರು, ಅದರ ಮೇಲೆ ನಗುಮುಖಗಳು.

ಗಿಂಪ್‌ನಲ್ಲಿ ಒಂದು ಜಾಗವನ್ನು ನಕಲಿಸಿ ಇನ್ನೊಂದರ ಮೇಲೆ ಬಳಿಯುವ ಕ್ಲೋನ್ ಕುಂಚ ಹಿಡಿದರೆ ಬಾಟಲಿ ಕ್ಷಣದಲ್ಲಿ ಮಾಯವಾಗುತ್ತದೆ. ಸುದ್ದಿ ಚಿತ್ರಗಳಲ್ಲಿ ಇದಕ್ಕೆ ಕ್ಷಮೆಯಿಲ್ಲ: 2006ರಲ್ಲಿ ಬೈರೂತಿನ ಮೇಲಿನ ದಾಳಿಯ ಹೊಗೆಯನ್ನು ಹೀಗೆಯೇ ಕ್ಲೋನ್ ಮಾಡಿ ದಟ್ಟವಾಗಿಸಿದ ಚಿತ್ರ ಹೊರಬಿದ್ದಾಗ, ರಾಯಿಟರ್ಸ್ ಸಂಸ್ಥೆ ಆ ಛಾಯಾಗ್ರಾಹಕನ ಸಂಬಂಧ ಕಡಿದುಕೊಂಡು ಅವನ 920 ಚಿತ್ರಗಳನ್ನು ಮಾರಾಟದಿಂದ ಹಿಂತೆಗೆದುಕೊಂಡಿತು. ನಾನು ಸುದ್ದಿಗಾರನಲ್ಲ, ನನಗೆ ಆ ಕಟ್ಟಳೆ ಇಲ್ಲ. ಆದರೂ ಬಾಟಲಿಯನ್ನು ಅಳಿಸದೆ ಬಿಟ್ಟೆ, ಬೇರೆ ಕಾರಣಕ್ಕೆ. ಹಳೆಯ ಆಟದ ಚಿತ್ರಗಳು ಕೈಗೆ ಸಿಕ್ಕಾಗ ನಾನು ಮೊದಲು ನೋಡುವುದು ವೇಷವನ್ನಲ್ಲ, ಮೂಲೆಗಳನ್ನು. ಗ್ಯಾಸ್‌ಲೈಟ್ ಎಲ್ಲಿ ತೂಗುತ್ತಿದೆ, ಮೈಕು ಬಂದಿತ್ತೇ, ಜನ ಚಾಪೆಯ ಮೇಲೆ ಕುಳಿತಿದ್ದಾರೋ ಕುರ್ಚಿಯ ಮೇಲೋ. ಅಂದಿನ ಛಾಯಾಗ್ರಾಹಕ ಅವನ್ನೆಲ್ಲ ಅಂದಗೆಡಿಸುವ ಕಸವೆಂದು ಕೆರೆದು ತೆಗೆದಿದ್ದರೆ ನನಗೆ ಏನು ಉಳಿಯುತ್ತಿತ್ತು? ಈ ಬಾಟಲಿಯೂ ಆ ಮೊಬೈಲೂ ಮುಂದೆ ಯಾರಿಗೋ ಬೇಕಾಗಬಹುದು. ಗಡಿಯಾರವಂತೂ ನನಗೆ ಈಗಲೇ ಇಷ್ಟ.

ಬ್ಯಾನರನ್ನು ಮಾತ್ರ ಕತ್ತಲಾಗಿಸಿದೆ, ಅಳಿಸಲಿಲ್ಲ. ಮುಸುಕು ಹಾಕಿ ಹಿಂಬದಿಯ ಬೆಳಕನ್ನು ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿದರೆ ಅಕ್ಷರಗಳು ಇರುತ್ತವೆ, ಕೂಗುವುದಿಲ್ಲ. ಇದು ಫಿಲ್ಮ್ ಕಾಲದ ಡಾರ್ಕ್‌ರೂಮಿನ ಹಳೆಯ ವಿದ್ಯೆ. ಛಾಯಾಗ್ರಾಹಕ ಅನ್ಸೆಲ್ ಆಡಮ್ಸ್ 1941ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದ ಹರ್ನಾಂಡೆಸ್ ಎಂಬ ಹಳ್ಳಿಯಲ್ಲಿ ತೆಗೆದ ಚಂದ್ರೋದಯದ ಚಿತ್ರದ ಆಕಾಶವನ್ನು ಮುಂದಿನ ದಶಕಗಳ ಮುದ್ರಣಗಳಲ್ಲಿ ಕಪ್ಪಾಗಿಸುತ್ತ ಹೋದರು. 1948ರಲ್ಲಿ ನೆಗೆಟಿವಿನ ಕೆಳಭಾಗವನ್ನೇ ರಾಸಾಯನಿಕದಿಂದ ಗಟ್ಟಿಮಾಡಿದರು. ಅಲ್ಲಿನ ಸ್ಮಶಾನದಲ್ಲಿ ಇಲ್ಲದ ಶಿಲುಬೆ ನೆಡಲಿಲ್ಲ. ಬೆಳಕನ್ನು ಎತ್ತಿ ಇಳಿಸಿದರು. ರಂಗಸ್ಥಳದತ್ತ ಕಣ್ಣು ನೆಟ್ಟವನಿಗೆ ಬ್ಯಾನರು ಕಂಡೂ ಕಾಣದಂತಿರುತ್ತದೆ ಎಂಬುದು ನನ್ನ ಸಮರ್ಥನೆ. ಪ್ರಾಯೋಜಕರು ಇದನ್ನು ಒಪ್ಪಲಿಕ್ಕಿಲ್ಲ. ಅವರಿಗೆ ಬೇಕಾದರೆ ಬ್ಯಾನರು ಬೆಳಗುವ ಪ್ರತಿ ಪ್ರತ್ಯೇಕವಾಗಿ ಸಿಗುತ್ತದೆ.

ಕತ್ತರಿಸುವುದಕ್ಕೆ ಹೆಚ್ಚು ಯೋಚಿಸಲಿಲ್ಲ. 6,000×4,000ದಲ್ಲಿ ನನಗೆ ಬೇಕಾದದ್ದು 5,400×3,600. ಅಂಚಿನಲ್ಲಿ ಅಷ್ಟು ಸಡಿಲವಿದೆ, ವಾಲಿದ ರಂಗಸ್ಥಳವನ್ನು ನೇರಗೊಳಿಸಲು ಅದು ಸಾಕಾಯಿತು.

ಕಪ್ಪು ಬಿಳುಪಿನ ಬಗ್ಗೆ ಒಂದು ಮಾತು. ನೀಲಿ ಚಿತ್ರಗಳನ್ನು ಕಪ್ಪು ಬಿಳುಪು ಮಾಡಿಬಿಡು, ಎಲ್ಲ ತೊಂದರೆ ಮುಗಿಯುತ್ತದೆ ಎಂದು ಫೋಟೋ ಹವ್ಯಾಸದ ಗೆಳೆಯರೊಬ್ಬರು ಹೇಳಿದರು. ತಾಂತ್ರಿಕವಾಗಿ ನಿಜ, ಹಸಿರು ಬಿಂದುಗಳು ಹಿಡಿದ ಬೆಳಕಿನಿಂದಷ್ಟೇ ಕಟ್ಟಿದರೆ ಒಳ್ಳೆಯ ಚಿತ್ರವೇ ಬರುತ್ತದೆ. ಆದರೆ ಬಣ್ಣದ ವೇಷದಿಂದ ಬಣ್ಣವನ್ನೇ ತೆಗೆದರೆ ಉಳಿಯುವುದೇನು? ನೀರಿನ ಬಾಟಲಿ ಅಳಿಸಿದರೆ ಮೋಸ ಎನ್ನುವ ಜನ ಎಲ್ಲ ಬಣ್ಣವನ್ನೂ ಅಳಿಸಿದರೆ ಕಲೆ ಎನ್ನುತ್ತಾರೆ, ಈ ನ್ಯಾಯ ನನಗೆ ಇನ್ನೂ ಅರ್ಥವಾಗಿಲ್ಲ.

ಕಾಗದದ ಮೇಲೆ

ಮಾನಿಟರಿನ ಹೊಳಪನ್ನು ಚದರ ಮೀಟರಿಗೆ 100 ಕ್ಯಾಂಡೆಲಾದ ಹತ್ತಿರಕ್ಕೆ ಇಳಿಸಿಯೇ ಕೆಲಸ ಮಾಡಿದ್ದು. ಹೊಳೆಯುವ ಪರದೆಯಲ್ಲಿ ಹದವೆನಿಸಿದ ಚಿತ್ರ ಕಾಗದಕ್ಕೆ ಬಂದಾಗ ಮಸಿಯಾಗುತ್ತದೆ, ರಾತ್ರಿಯ ಚಿತ್ರಗಳಲ್ಲಂತೂ ಖಂಡಿತ. ಪೂರ್ತಿ ಅಳತೆಯ ಮುದ್ರಣಕ್ಕೆ ಮೊದಲು ಪ್ರತಿ ಚಿತ್ರದ ಮುಖ್ಯ ಭಾಗದಿಂದ ಒಂದು ಪಟ್ಟಿ ಕತ್ತರಿಸಿ, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಜೋಡಿಸಿ ಲ್ಯಾಬಿನಿಂದ ಅಚ್ಚು ಹಾಕಿಸಿದೆ.

ಪಟ್ಟಿಯಲ್ಲಿ ಕೆಂಪು ಕೈಕೊಟ್ಟಿತು. ಲ್ಯಾಬಿನವರು ತೆಗೆದುಕೊಳ್ಳುವುದು ಎಸ್‌ಆರ್‌ಜಿಬಿ ಎಂಬ ಸೀಮಿತ ಬಣ್ಣವ್ಯಾಪ್ತಿಯ ಕಡತ. ವೇಷದ ಗಾಢ ಕೆಂಪು ಆ ವ್ಯಾಪ್ತಿಯ ಹೊರಗಿತ್ತು. ಹೊರಗಿದ್ದುದೆಲ್ಲ ಅಂಚಿಗೆ ಒತ್ತಿ ಒಂದೇ ಕೆಂಪಾಗಿ, ಬಟ್ಟೆಯ ಮಡಿಕೆಗಳು ಅಳಿಸಿಹೋಗಿದ್ದವು. ಕೆಂಪಿನ ಗಾಢತೆಯನ್ನಷ್ಟೇ ಸ್ವಲ್ಪ ಸ್ವಲ್ಪ ಇಳಿಸುತ್ತ ಬಂದಾಗ ಮಡಿಕೆ, ಅಂಚಿನ ಕಸೂತಿ, ಬೆವರಿನಿಂದ ಒದ್ದೆಯಾದ ಜಾಗ ಎಲ್ಲವೂ ಮರಳಿದವು. ಚಿತ್ರ ಸಪ್ಪೆಯಾಗುತ್ತದೆಂಬ ಹೆದರಿಕೆಯಿಂದ ಯಾರೂ ಈ ದಿಕ್ಕಿಗೆ ಸ್ಲೈಡರು ಎಳೆಯುವುದಿಲ್ಲ. ಎಳೆದು ನೋಡಿ, ಬಣ್ಣ ಇಳಿದಷ್ಟು ಬಟ್ಟೆ ಏರುತ್ತದೆ.

ಪಟ್ಟಿಗಳನ್ನು ಕಲಾವಿದರಿಗೂ ತೋರಿಸಿದೆ. ಮಹಿಷಾಸುರ ಮಾಡಿದವರು ತಮ್ಮ ಕೆನ್ನೆಯ ಮೇಲೆ ಬೆವರಿಗೆ ಕರಗಿ ಇಳಿದ ಬಣ್ಣದ ಗೆರೆಯ ಮೇಲೆ ಬೆರಳಿಟ್ಟು, "ಇದನ್ನು ತೆಗೆಯಬಹುದೇ?" ಎಂದರು. ಆ ಗೆರೆ ನನಗೆ ಚಿತ್ರದ ಪ್ರಾಣದಂತೆ ಕಂಡಿತ್ತು: ಅಷ್ಟು ಭಾರದ ವೇಷ ಹೊತ್ತು ಕುಣಿದ ಕುರುಹು. ಅವರಿಗೆ ಅದು ಬಣ್ಣ ನಿಲ್ಲದ ನಾಚಿಕೆ. ಮುಖ ಅವರದು, ಬಣ್ಣ ಅವರು ಬರೆದದ್ದು. ಅವರ ಮನೆಯ ಗೋಡೆಗೆ ಹೋಗುವ ಪ್ರತಿಯಲ್ಲಿ ಗೆರೆಯನ್ನು ತೆಗೆದೆ. ನನ್ನ ಸಂಗ್ರಹದ ಪ್ರತಿಯಲ್ಲಿ ಉಳಿಸಿದೆ, ಹಾಗೆಂದು ಅವರಿಗೆ ತಿಳಿಸಿಯೂ ಇದ್ದೇನೆ. ಡಾರ್ಕ್‌ಟೇಬಲ್ ಮೂಲ ಕಡತವನ್ನು ಮುಟ್ಟುವುದಿಲ್ಲ. ಮಾಡಿದ ಪ್ರತಿ ಹೆಜ್ಜೆಯನ್ನೂ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಸಣ್ಣ ಕಡತದಲ್ಲಿ ಬರೆದಿಡುತ್ತದೆ. ಗಿಂಪ್‌ನಲ್ಲಿ ಮಾಡಿದ ಅಳಿಸುವಿಕೆ ಅದರಲ್ಲಿ ದಾಖಲಾಗುವುದಿಲ್ಲವಾದ್ದರಿಂದ ಅಂಥ ಪ್ರತಿಯ ಹೆಸರಿನಲ್ಲೇ "ತಿದ್ದಿದ್ದು" ಎಂದು ಸೇರಿಸಿದ್ದೇನೆ. ಇನ್ನೊಬ್ಬರು ಹೊಟ್ಟೆ ಸ್ವಲ್ಪ ಸಣ್ಣ ಮಾಡಿಕೊಡಿ ಎಂದರು. ಅದಕ್ಕೆ ನಕ್ಕು ಸುಮ್ಮನಾದೆ, ಅವರೂ ನಕ್ಕರು.

ತೀರ್ಮಾನವಾಗದೆ ಉಳಿದದ್ದು ಚಂಡ ಮುಂಡರ ಧೀಂಗಿಣದ, ಅಂದರೆ ಗಿರಕಿ ಹೊಡೆದು ಹಾರುವ ಕುಣಿತದ, ಚಿತ್ರ. ಇಬ್ಬರೂ ನೆಲ ಬಿಟ್ಟು ಗಾಳಿಯಲ್ಲಿದ್ದಾರೆ, ಇಡೀ ರಾತ್ರಿಯಲ್ಲಿ ಇದರಂಥ ಇನ್ನೊಂದು ಇಲ್ಲ. ಆ ವೇಗವನ್ನು ನಿಲ್ಲಿಸಲು ಸೆಕೆಂಡಿನ 640ನೆಯ ಒಂದು ಭಾಗದ ಶಟರ್ ಬೇಕಾಗಿತ್ತು. ಮಂದಗೊಳಿಸಿದ ಎಲ್‌ಇಡಿ ದೀಪಗಳು ಕಣ್ಣಿಗೆ ತಿಳಿಯದಂತೆ ಆರಿ ಉರಿಯುತ್ತಿರುತ್ತವೆ. ಆ ವೇಗದ ಶಟರ್ ಅದನ್ನು ಹಿಡಿದು ಚಿತ್ರದುದ್ದಕ್ಕೂ ಅಡ್ಡ ಪಟ್ಟೆಗಳನ್ನು ಎಳೆದಿದೆ. ಮೂರನೆಯ ಸಾಲಿಗೆ ಪಟ್ಟೆ ಕಂಡಿಲ್ಲ, ಆದ್ದರಿಂದ ನನ್ನ ಕಟ್ಟಳೆಯ ಪ್ರಕಾರ ತೆಗೆಯಬಹುದು. ಪಟ್ಟೆಪಟ್ಟೆಗೂ ಮುಸುಕು ಹಾಕಿ ಬೆಳಕು ಏರಿಸಿ ನೋಡಿದೆ. ಹಿಂಬದಿಯಲ್ಲಿ ಸರಿಹೋಯಿತು, ಮುಖಗಳ ಮೇಲೆ ಹಾದುಹೋದ ಎರಡು ಪಟ್ಟೆಗಳ ಅಡಿಯಲ್ಲಿ ಬಣ್ಣವೂ ಬದಲಾಗಿದೆ, ಅಲ್ಲಿ ಊಹಿಸಿ ಬಳಿಯಬೇಕು. ಬಳಿಯಲು ಕೈ ಏಳುತ್ತಿಲ್ಲ. ಉಳಿದ ಕಡತಗಳು ಲ್ಯಾಬಿಗೆ ಹೋಗಿವೆ. ಇದೊಂದನ್ನು ಪಟ್ಟೆಗಳ ಸಮೇತ 4×6 ಅಳತೆಯಲ್ಲಿ ಅಚ್ಚು ಹಾಕಿಸಿ, ಆ ಇಬ್ಬರು ಹುಡುಗರು ನೋಡಿ ಹೇಳಲಿ ಎಂದು ಮೇಳದ ಮುಂದಿನ ಕ್ಯಾಂಪಿಗೆ ಕಳುಹಿಸಿದ್ದೇನೆ.